ತಲೆ ಸವರಿದ ಕೊಳಗ

ನನ್ನ ಹೆಸರಿನಲ್ಲಿ ಅಚ್ಚಾಗಿರುವ ರಾಗಿಯ ಪ್ರಬಂಧದಲ್ಲಿ ಮೂರನೆಯ ಕೋಷ್ಟಕ ಸುಳ್ಳು. ಸುಳ್ಳೆಂದು ಗೊತ್ತಾದ ಮೇಲೂ ಅದನ್ನು ಅಚ್ಚಿಗೆ ಬಿಟ್ಟೆ. ಸುಳ್ಳೆಂದು ನನಗೆ ಹೇಳಿದ ಮನುಷ್ಯನ ಹೆಸರನ್ನು ಲೇಖಕರ ಪಟ್ಟಿಯಿಂದ ನನ್ನ ಕೈಯಾರೆ ಅಳಿಸಿದೆ. ವಿಷಯ ಇಷ್ಟೇ. ಮುಂದಿನದ್ದನ್ನು ಓದುವವರು ಓದಿ — ಆದರೆ ಕೊನೆಯಲ್ಲಿ 'ಪಾಪ, ಅವರ ಪರಿಸ್ಥಿತಿ ಹಾಗಿತ್ತು' ಎಂದು ಮಾತ್ರ ಅನ್ನಬೇಡಿ. ನನ್ನ ಪರಿಸ್ಥಿತಿ ಚೆನ್ನಾಗಿಯೇ ಇತ್ತು.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಮನೆ ಕ್ಯಾತ್ಸಂದ್ರದಲ್ಲಿ. ಇದನ್ನೆಲ್ಲ ಬರೆದು ಜರ್ನಲ್ಲಿಗೆ ತಿಳಿಸುತ್ತೇನೆ ಎಂದು ಹೋದ ತಿಂಗಳು ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮ ವಿಭಾಗದ ಮುಖ್ಯಸ್ಥರು ಬಾಗಿಲು ಮುಂದೆ ಮಾಡಿ ಬಂದರು.

"ಎಲ್ಲಾರ್ ಮನೆ ದೋಸೆನೂ ತೂತೇ ಅಲ್ವಾ ಮೇಡಂ? ಒಂಬತ್ತು ವರ್ಷದ ಹಿಂದಿನ್ ಪೇಪರ್ನ ಈಗ ಯಾರ್ ಓದ್ತಾರೆ? ನಿಮ್ ಕಾಲ್ ಮೇಲೆ ನೀವೇ ಯಾಕ್ ಕಲ್ಲು ಹಾಕ್ಕೊಳ್ತೀರಾ?"

ಇರಬಹುದು ಸಾರ್. ಎಲ್ಲರ ಮನೆಯ ದೋಸೆಯೂ ತೂತಿರಬಹುದು. ನಾನು ತೋರಿಸುತ್ತಿರುವುದು ನನ್ನ ಮನೆಯ ದೋಸೆಯನ್ನು. ಅದಕ್ಕೂ ನಿಮ್ಮ ಅಪ್ಪಣೆ ಬೇಕೆ?

ಅಳಿಸಿಹೋದ ಹೆಸರು ಗಂಗಾಧರಯ್ಯನವರದು. ನಮ್ಮ ಪ್ರಯೋಗಾಲಯದ ಅಟೆಂಡರ್ ಆಗಿದ್ದರು, ಚೇಳೂರಿನವರು. ನನಗಿಂತ ನಾಲ್ಕು ವರ್ಷ ದೊಡ್ಡವರು; ಆದರೂ ನಾನು ಅವರನ್ನು 'ಗಂಗಾಧರ, ಬಾ ಇಲ್ಲಿ' ಎಂದೇ ಕರೆಯುತ್ತಿದ್ದೆ. ಅವರು ನಿವೃತ್ತರಾಗುವವರೆಗೂ ಹಾಗೇ ಕರೆದೆ. ಈಗ ಬರೆಯುವಾಗ 'ಅಯ್ಯ' ಸೇರಿಸುತ್ತಿದ್ದೇನೆ — ಕಾಗದದ ಮೇಲೆ ಮರ್ಯಾದೆ ಕೊಡುವುದು ಸುಲಭ.

ರೈತರೇ ಕಾಪಾಡಿಕೊಂಡು ಬಂದ ಎರಡು ಬಗೆಯ ರಾಗಿಗಳಲ್ಲಿ ಮಳೆ ಕಡಿಮೆಯಾದ ವರ್ಷ ಯಾವುದು ಹೆಚ್ಚು ಬೆಳೆಯುತ್ತದೆ ಎಂಬುದು ನಮ್ಮ ಕೆಲಸದ ಪ್ರಶ್ನೆ. ಒಂದು ರಾಗಿ ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯದು. ಇನ್ನೊಂದು ಕುಣಿಗಲ್ ಕಡೆಯ ಒಂದು ಹಳ್ಳಿಯದು. ಅದರ ಬೀಜವನ್ನು ಆ ಊರಿಗೆಲ್ಲ ಪುಟ್ಟಮ್ಮ ಎಂಬ ಹೆಂಗಸೊಬ್ಬಳೇ ಮಣ್ಣಿನ ಗುಡಾಣದಲ್ಲಿ ಇಟ್ಟುಕೊಂಡು ಬಂದಿದ್ದಳು. ಮೂರು ಸುಗ್ಗಿ ನಾನೂ ಗಂಗಾಧರಯ್ಯನವರೂ ಬಸ್ಸು ಹತ್ತಿ ಎರಡೂ ಕಡೆ ಓಡಾಡಿದೆವು. ಓಡಾಡಿದೆವು ಎಂದೆನಲ್ಲ — ನಾನು ಜಗಲಿಯ ಮೇಲೆ ಕುಳಿತು, ಎಷ್ಟು ಕೊಳಗ ಆಯಿತು ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಅವರು ಕಣಕ್ಕೆ ಇಳಿದು ರಾಶಿ ಅಳೆಯುವವರ ಪಕ್ಕದಲ್ಲಿ ನಿಲ್ಲುತ್ತಿದ್ದರು. ಒಂದಕ್ಕೆ ಲಾಭ ಎಂದು ಶುರುಮಾಡಿ ಎರಡು, ಮೂರು ಎಂದು ಅವರೂ ದನಿಗೂಡಿಸುತ್ತಿದ್ದದ್ದು ನನಗೆ ಜಗಲಿಗೆ ಕೇಳಿಸುತ್ತಿತ್ತು. ನಾನು ಎದ್ದು ಹೋಗಿ ನೋಡಲಿಲ್ಲ. ಬಿಸಿಲಿತ್ತು.

'ಲೇಖಕರ ಪಟ್ಟಿಯಲ್ಲಿ ನಿನ್ನ ಹೆಸರೂ ಹಾಕ್ತೀನಿ ಕಣಪ್ಪ' ಎಂದು ಎಲ್ಲರ ಮುಂದೆ ಹೇಳಿದ್ದೆ. ನಿಜವಾಗಿ ಹಾಕಬೇಕು ಎಂದೇ ಹೇಳಿದ್ದೆ. ಮಾರನೆಯ ದಿನ ಅವರು ಒಂದು ಚೀಟಿ ತಂದುಕೊಟ್ಟರು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಇನಿಷಿಯಲ್ ಸಮೇತ, ಸ್ಕೇಲು ಇಟ್ಟು ಗೆರೆ ಎಳೆದು ಬರೆದಿದ್ದ ತಮ್ಮ ಹೆಸರು. ಅಚ್ಚಿನಲ್ಲಿ ತಪ್ಪಾಗಬಾರದಂತೆ. ನಾನು ನಕ್ಕು ಅದನ್ನು ಒಣಗಿಸಿದ ಗಿಡಗಳ ಫೈಲಿನಲ್ಲಿ ಇಟ್ಟೆ.

ಪ್ರಬಂಧ ಬರೆಯುವುದೆಂದರೆ ಏನು ಎಂದು ಆ ವರ್ಷ ಗೊತ್ತಾಯಿತು. ಜರ್ನಲ್ಲಿನವರು ಕೇಳಿದ ಅಳತೆಗೆ ಸಾರಾಂಶ ಕತ್ತರಿಸಿದೆ, ಉಲ್ಲೇಖಗಳ ಅಲ್ಪವಿರಾಮಗಳನ್ನು ಒಂದೊಂದಾಗಿ ತಿದ್ದಿದೆ, ಸಂಪಾದಕರಿಗೆ ವಿನಯದ ಪತ್ರ ಬರೆದೆ. ರೈತರು ಹೇಳಿದ ಕೊಳಗಗಳನ್ನು ಕಿಲೋ ಮಾಡಬೇಕಿತ್ತು. ಚೇಳೂರಿನ ಒಂದು ಕೊಳಗ ತರಿಸಿ, ರಾಗಿ ತುಂಬಿ, ಮೇಲೆ ಕೋಲಾಡಿಸಿ ತಲೆ ಸವರಿ, ತಕ್ಕಡಿಯಲ್ಲಿಟ್ಟೆ. ಬಂದ ತೂಕದಿಂದ ಎಲ್ಲವನ್ನೂ ಗುಣಿಸಿದೆ. ಚೇಳೂರಿನ ರಾಗಿ ಗೆದ್ದಿತು. ಎಷ್ಟು ಚೆಂದವಾಗಿ ಗೆದ್ದಿತ್ತು ಆ ಕೋಷ್ಟಕದಲ್ಲಿ!

ನಾಲ್ಕು ತಿಂಗಳಿಗೆ ಪರಿಶೀಲಕರ ಟಿಪ್ಪಣಿ ಬಂತು. ಯಾರೋ, ಎಲ್ಲಿಯವರೋ ಗೊತ್ತಿಲ್ಲ, ಆದರೆ ಕಣ್ಣಿದ್ದವರು. ಮೂರು ಪ್ರಶ್ನೆ ಕೇಳಿದ್ದರು. ಮೂರನೆಯದು: ಕೊಳಗ ತುಂಬುವ ರೀತಿ ಎಲ್ಲ ಊರುಗಳಲ್ಲೂ ಒಂದೇ ತೆರನಾಗಿತ್ತೆ? ಇದೆಂಥ ಪ್ರಶ್ನೆ ಎಂದುಕೊಂಡು ಗಂಗಾಧರಯ್ಯನವರನ್ನು ಕರೆದು ಕೇಳಿದೆ. ಹೌದು ಎಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ ಮೇಡಂ. ನಮ್ ಕಡೆ ತಲೆ ಸವರ್ತೀವಿ. ಪುಟ್ಟಮ್ಮನ ಊರ್ನಲ್ಲಿ ಗೋಪುರ ಕಟ್ತಾರೆ. ಮೇಲಿಂದ ಸುರಿದು ಸುರಿದು, ಉದುರೋವರ್ಗೂ. ಕಣದಾಗೆ ತಲೆ ಸವರಿದ್ರೆ ಸಿರಿ ಹೋಯ್ತದೆ ಅಂತಾರೆ ಆವಮ್ಮ."

ಅಂದರೆ ಪುಟ್ಟಮ್ಮನ ಊರಿನ ಒಂದು ಕೊಳಗ ನಾನು ತೂಗಿದ ಕೊಳಗಕ್ಕಿಂತ ದೊಡ್ಡದು. ಅಂದರೆ ಕುಣಿಗಲ್ ಕಡೆಯ ರಾಗಿಯನ್ನು ನಾನು ಉದ್ದಕ್ಕೂ ಕಡಿಮೆ ಲೆಕ್ಕ ಹಾಕಿದ್ದೆ. ಅವರೇ ಪ್ರಯೋಗಾಲಯದಲ್ಲಿ ಗೋಪುರ ಕಟ್ಟಿ ತೂಗಿ ತೋರಿಸಿದರು. ಹೊಸ ತೂಕದಿಂದ ಗುಣಿಸಿ ನೋಡಿದೆ — ಎರಡೂ ರಾಗಿ ಸಮ ಸಮ. ಯಾವುದೂ ಗೆದ್ದಿರಲಿಲ್ಲ. ಯಾವುದೂ ಗೆಲ್ಲದ ಪ್ರಬಂಧವನ್ನು ಯಾರು ಅಚ್ಚು ಹಾಕುತ್ತಾರೆ? ನನ್ನ ಬಡ್ತಿಗೆ ಬೇಕಾಗಿದ್ದದ್ದು ಇನ್ನೊಂದೇ ಒಂದು ಪ್ರಬಂಧ. ಮುಂದಿನ ವರ್ಷ ಬೇರೆಯದು ಬರೆಯಬಹುದಿತ್ತು. ಕೆಲಸ ಹೋಗುತ್ತಿರಲಿಲ್ಲ, ಒಲೆ ಆರುತ್ತಿರಲಿಲ್ಲ. ಒಂದು ವರ್ಷ ತಡವಾಗುತ್ತಿತ್ತು, ಅಷ್ಟೇ.

"ಇದನ್ನ ಇಲ್ಲಿಗೇ ಬಿಡು ಗಂಗಾಧರ. ಅವರೇನು ಕಣಕ್ಕೆ ಬಂದು ನೋಡ್ತಾರಾ?" ಎಂದೆ.

ಅವರು ಕೊಳಗವನ್ನು ಬೋರಲು ಹಾಕಿ, ಮೇಜಿನ ಮೇಲೆ ಚೆಲ್ಲಿದ್ದ ರಾಗಿಯನ್ನು ಗುಡಿಸಿ ಚೀಲಕ್ಕೆ ತುಂಬಿದರು. ನಾನು ಕಂಪ್ಯೂಟರಿನ ಮುಂದೆ ಕುಳಿತು ಮೂರನೆಯ ಪ್ರಶ್ನೆಗೆ ಉತ್ತರ ಬರೆದೆ: ಎಲ್ಲ ಸ್ಥಳಗಳಲ್ಲೂ ತಲೆ ಸವರಿದ ಕೊಳಗವನ್ನೇ ಬಳಸಲಾಗಿದೆ. ಒಂದು ಸಾಲು. ಅದರಲ್ಲಿ ವ್ಯಾಕರಣದ ತಪ್ಪೂ ಇರಲಿಲ್ಲ.

ಇನ್ನೊಂದು ಫಾರಂ ಉಳಿದಿತ್ತು. ಅಂಕಿಅಂಶಗಳೆಲ್ಲ ಸತ್ಯ ಎಂದು ಎಲ್ಲ ಲೇಖಕರೂ ಸಹಿ ಹಾಕಿ ಕಳಿಸಬೇಕು. ಶಿರಾ ಗೇಟಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದು ಅವರ ಮುಂದಿಟ್ಟೆ. ಪೂರ್ತಿ ಓದಿದರು. ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು.

"ಸುಳ್ಳಿಗೆ ಸೈನ್ ಹಾಕಲ್ಲ ಮೇಡಂ. ಬ್ಯಾರೆ ಏನ್ ಕೆಲ್ಸ ಇದ್ರೂ ಹೇಳಿ, ಮಾಡ್ತೀನಿ."

ಮೂರು ಸುಗ್ಗಿ ಕಾದ ಹೆಸರನ್ನು ಆ ಮನುಷ್ಯ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಿದ್ದು ಕಂಡು ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಕೋಪ ಬಂತು. ಇವನ್ಯಾರು ನನಗೆ — ಹೌದು, ಹಾಗೇ ಅಂದುಕೊಂಡೆ, ಅಟೆಂಡರ್ ಇವನು ಎಂದು. ಕೊಡುಗೆ ಸಾಲದ ಕಾರಣ ಎರಡನೆಯ ಲೇಖಕರ ಹೆಸರನ್ನು ಕೈಬಿಡಲಾಗಿದೆ ಎಂದು ಸಂಪಾದಕರಿಗೆ ಬರೆದೆ. ಕೊಡುಗೆ ಸಾಲದು! ಕಣಕ್ಕಿಳಿದವರದ್ದು ಸಾಲದು, ಜಗಲಿಯ ಮೇಲೆ ಕುಳಿತವಳದ್ದು ಸಾಕು. ಪ್ರಬಂಧ ಅಚ್ಚಾಯಿತು, ಬಡ್ತಿ ಬಂತು. ಸ್ಟಾಫ್ ರೂಮಿನಲ್ಲಿ ಮೈಸೂರು ಪಾಕು ಹಂಚಿದೆ. ಗಂಗಾಧರಯ್ಯನವರೂ ಒಂದು ತೆಗೆದುಕೊಂಡರು.

ಒಂಬತ್ತು ವರ್ಷ ನಿದ್ದೆ ಚೆನ್ನಾಗಿಯೇ ಬಂತು. ಸುಳ್ಳು ಹೇಳುವುದಿಲ್ಲ, ಈಗಲಾದರೂ.

ಈ ವರ್ಷ ನನ್ನ ಕೈಕೆಳಗೆ ಸಂಶೋಧನೆಗೆ ಸೇರಿದ ಹುಡುಗಿಯೊಬ್ಬಳು ಅದೇ ಮೂರನೆಯ ಕೋಷ್ಟಕ ಹಿಡಿದುಕೊಂಡು ಬಂದಳು. ಅದರ ಮೇಲೆಯೇ ತನ್ನ ಕೆಲಸ ಕಟ್ಟುತ್ತಾಳಂತೆ, ಎರಡೂ ರಾಗಿ ಬೇಕಂತೆ. ಬೀಜ ಕೇಳಲು ನಾನೇ ಪುಟ್ಟಮ್ಮನ ಊರಿಗೆ ಹೋದೆ. ಸೊಂಟ ಬಾಗಿದೆ, ಗುರುತು ಮಾತ್ರ ತಕ್ಷಣ ಹಿಡಿದಳು.

"ಎಲ್ಲೈತವ್ವ ಆ ರಾಗಿ? ನಿಮ್ ಪೇಪರ್ನಾಗೆ ನಮ್ದು ಕಮ್ಮಿ ಬೆಳೀತದೆ ಅಂತ ಬಂದಿತ್ತಂತಲ್ಲ. ಸಂಘದೋರು ಬಂದು ಓದಿ ಹೇಳಿ, ಚೇಳೂರ್ ಕಡೆ ಬೀಜ ಕೊಟ್ರು. ಓದ್ದೋರು ಹೇಳವ್ರೆ ಅಂತ ನಾವೂ ಅದನ್ನೇ ಬಿತ್ತಿದ್ವಿ. ಗುಡಾಣದಾಗಿದ್ದುದ್ನ ಬೀಸ್ಕೊಂಡು ಉಂಡ್ಬುಟ್ವಿ ಕಣವ್ವ."

ಅವಳಿಗೆ ನನ್ನ ಮೇಲೆ ಕೋಪವೇ ಇರಲಿಲ್ಲ. ಉಣ್ಣದೆ ಹೋಗಕೂಡದು ಎಂದಳು. ಮುದ್ದೆಗೆ ಸೊಪ್ಪಿನ ಸಾರು ಮಾಡಿದ್ದಳು. ರುಚಿಯಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ನಾಚಿಕೆಗೆಟ್ಟವಳಿಗೂ ಹಸಿವಾಗುತ್ತದೆ. ಕೈ ತೊಳೆದುಕೊಂಡ ಮೇಲೆ ಹೇಳಿದೆ: ನಿಮ್ಮ ರಾಗಿ ಕಡಿಮೆಯೇನೂ ಬೆಳೆದಿರಲಿಲ್ಲ ಪುಟ್ಟಮ್ಮ, ನಾನೇ ತಪ್ಪು ಬರೆದೆ, ಗೊತ್ತಿದ್ದೂ ಬರೆದೆ. ಅವಳು ನನ್ನ ಮುಖ ನೋಡಿದಳು. "ನಮ್ಮತ್ತೆ ಕೊಟ್ಟಿದ್ ಬೀಜ ಅದು" ಎಂದಳು. ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುವಾರ ಜರ್ನಲ್ಲಿಗೆ ಪತ್ರ ಸಿದ್ಧ ಮಾಡಿಕೊಂಡು ಚೇಳೂರಿಗೆ ಹೋದೆ. ಗಂಗಾಧರಯ್ಯನವರು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ನೋಡಿದೊಡನೆ ಎದ್ದು ನಿಂತರು, ಅದೇ ಹಳೆಯ ಅಭ್ಯಾಸ. ಕುಳಿತುಕೊಳ್ಳಿ ಎಂದೆ. ಪತ್ರ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಓದಿ ಹೇಳಿದೆ — ಅಚಾತುರ್ಯದಿಂದ ಅಳತೆಯಲ್ಲಿ ತಪ್ಪು ನುಸುಳಿದೆ...

"ಅಚಾತುರ್ಯ ಅಂದ್ರೆ ಗೊತ್ತಿಲ್ದೆ ಆಗೋದು ಅಲ್ವಾ ಮೇಡಂ?"

"ಹೌದು."

"ನಿಮ್ಗೆ ಗೊತ್ತಿತ್ತಲ್ಲ."

ಒಂಬತ್ತು ವರ್ಷದ ಮೇಲೂ ನನ್ನ ತಪ್ಪನ್ನು ತಲೆ ಸವರಿಯೇ ಅಳೆದು ತಂದಿದ್ದೆ. ಅಲ್ಲೇ ಆ ಸಾಲು ಹೊಡೆದು ಹಾಕಿ, ಅವರ ಎದುರಿಗೇ ಬೇರೆ ಬರೆದೆ: ನನಗೆ ಗೊತ್ತಿತ್ತು. ಪರಿಶೀಲಕರು ಕೇಳಿದಾಗ ಸುಳ್ಳು ಹೇಳಿದೆ. ಈ ತಪ್ಪನ್ನು ಪ್ರಕಟಣೆಗೆ ಮುಂಚೆಯೇ ಹಿಡಿದು ತಿಳಿಸಿದವರು — ಎಂದು ನಿಲ್ಲಿಸಿ, ಗಿಡಗಳ ಫೈಲಿನಿಂದ ಹುಡುಕಿ ತಂದಿದ್ದ ಆ ಚೀಟಿ ತೆಗೆದು, ನೋಡಿಕೊಂಡು, ಇನಿಷಿಯಲ್ ಸಮೇತ ಅವರ ಹೆಸರು ಬರೆದೆ. ಅವರು ಚೀಟಿಯನ್ನು ನೋಡಿದರು. ಪತ್ರದ ಕೆಳಗೆ ಎರಡು ಸಹಿಗೆ ಜಾಗ ಬಿಟ್ಟಿದ್ದೆ. ಒಂದನ್ನು ತೋರಿಸಿ ಪೆನ್ನು ಕೊಟ್ಟೆ. ಇದೇನೋ ದೊಡ್ಡ ಉಪಕಾರ ಎಂಬ ಹಾಗೆ ಕೊಟ್ಟೆ.

ಅವರು ಪೆನ್ನು ಮುಟ್ಟಲಿಲ್ಲ.

"ತಪ್ಪು ಮಾಡೋವಾಗ ನನ್ ಹೆಸ್ರು ಬುಟ್ರಿ. ಒಪ್ಕೊಳ್ಳೋವಾಗ ಯಾಕ್ ಮೇಡಂ ಕರೀತೀರಾ?"

ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಮತ್ತೆ ಕಾಯಿ ಸುಲಿಯಲು ಕುಳಿತರು. ನಾನು ಗುಬ್ಬಿಯ ಬಸ್ಸು ಹಿಡಿದೆ.

ಪತ್ರ ನನ್ನೊಬ್ಬಳದೇ ಸಹಿಯಲ್ಲಿ ಇವತ್ತು ಬೆಳಿಗ್ಗೆ ಹೋಯಿತು. ವಿಭಾಗದ ಕಂಪ್ಯೂಟರಿನಿಂದಲೇ, ಮುಖ್ಯಸ್ಥರು ನೋಡುತ್ತಿರುವಾಗಲೇ ಕಳಿಸಿದೆ. ಪ್ರಬಂಧ ವಾಪಸ್ಸು ತೆಗೆಯುತ್ತಾರೋ, ಬಡ್ತಿ ಕಿತ್ತುಕೊಳ್ಳುತ್ತಾರೋ, ತೆಗೆಯಲಿ, ಕಿತ್ತುಕೊಳ್ಳಲಿ. ಅದರಿಂದ ಪುಟ್ಟಮ್ಮನ ಗುಡಾಣವೇನೂ ತುಂಬುವುದಿಲ್ಲ. ಅದು ನನಗೆ ಗೊತ್ತು. ಕೊನೆಯಲ್ಲಿ ಕಂಪ್ಯೂಟರು ಆ ಹಳೆಯ ಫಾರಂನ ಹಾಗೆಯೇ ಕೇಳಿತು: ಇದಕ್ಕೆ ಎಲ್ಲ ಲೇಖಕರ ಒಪ್ಪಿಗೆ ಇದೆಯೆ? ಲೇಖಕರ ಜಾಗದಲ್ಲಿ ನನ್ನ ಹೆಸರೊಂದೇ ಇತ್ತು. ಇದೆ ಎಂದು ಗುರುತು ಹಾಕಿದೆ.