ಯಾವ ಬಸ್ಸಿಗೆ ವಾಪಸ್?

ನಮ್ಮ ಸರ್ಕಾರಿ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂರುವವಳು ನಾನು. ಹೆಸರು, ವಯಸ್ಸಿಗಿಂತ ಮೊದಲು ನಾನು ಕೇಳುವುದು, "ಯಾವ ಬಸ್ಸಿಗೆ ವಾಪಸ್?" ಬೇಗ ಬಸ್ಸು ಹಿಡಿಯಬೇಕಾದವರ ಚೀಟಿ ಡಾಕ್ಟರ ಮೇಜಿಗೆ ಮೊದಲು, ಪೇಟೆಯವರದು ಆಮೇಲೆ. ಯಾರೋ ಮಾಡಿದ ಆದೇಶವಲ್ಲ ಇದು. ಪೇಟೆಯವರೂ ಗೊಣಗುವುದಿಲ್ಲ, ಅವರ ನೆಂಟರೂ ಹಳ್ಳಿಯಿಂದ ಇದೇ ಆಸ್ಪತ್ರೆಗೆ ಬರಬೇಕಲ್ಲ.

ಕಂಪ್ಯೂಟರು ತರುವ ಮಾತು ಬಂದಾಗ ನನಗೆ ಹೆದರಿಕೆಯಾದದ್ದು ಇದೊಂದಕ್ಕೇ.

ಸಾಗರದ ಕಾಲೇಜು ಮೇಷ್ಟ್ರೊಬ್ಬರು ನಮಗೆಂದೇ ಸಾಫ್ಟ್‌ವೇರು ಬರೆದುಕೊಡುತ್ತೇನೆ ಎಂದಿದ್ದರು. ಇನ್ನೊಂದು, ಕಂಪನಿಯೊಂದು ಊರೂರಿನ ಆಸ್ಪತ್ರೆಗಳಿಗೆ ಮಾರುವ ಸಿದ್ಧ ಸಾಫ್ಟ್‌ವೇರು. ಎರಡನ್ನೂ ಕೆಲವು ದಿನ ಇಟ್ಟು ನೋಡೋಣ ಎಂದರು ದೊಡ್ಡ ಡಾಕ್ಟರು. "ದಿನಾ ಒತ್ತೋರು ನೀವು. ಕೊನೆಗೆ ನೀವೇ ಹೇಳಿ" ಎಂದು ನನ್ನ ತಲೆಗೇ ಕಟ್ಟಿದರು.

ಮೇಷ್ಟ್ರು ನನ್ನ ಪಕ್ಕ ಸ್ಟೂಲು ಹಾಕಿ ಕೂತು, ಬೆಳಗಿಡೀ ನನ್ನ ಮಾತು ಕೇಳಿಸಿಕೊಂಡರು. ಮುಂದಿನ ಸಲ ಬಂದಾಗ ಪರದೆಯಲ್ಲಿ ಹೆಸರಿಗಿಂತ ಮೇಲೆ ಬಸ್ಸಿನ ಕಾಲಂ! ರಿಪ್ಪನ್‌ಪೇಟೆ ಎಂದು ಒತ್ತಿದರೆ ಸಾಲು ತಾನಾಗಿ ಹಿಂದೆ ಮುಂದಾಗುತ್ತಿತ್ತು. ನನಗೋ ಹಬ್ಬ. ಆದರೆ ಒಂದು ಸೋಮವಾರ ಪರದೆ ನಿಂತಲ್ಲೇ ನಿಂತಿತು. ಫೋನ್ ಮಾಡಿದರೆ ಅತ್ತ ಕಡೆ ವಾಲಗದ ಸದ್ದು.

"ತಂಗಿ ಮದ್ವೆ ಅಕ್ಕಾ. ಧಾರೆ ಮುಗಿಸ್ಕೊಂಡು ಓಡಿ ಬರ್ತೀನಿ!"

"ಊಟ ಮಾಡ್ಕೊಂಡೇ ಬನ್ನಿ ಮಾರಾಯ್ರೆ" ಎಂದು, ಅವತ್ತಿಗೆ ಪೆನ್ನು ಹಿಡಿದೆ. ಸಂಜೆ ಲಾಡು ಸಮೇತ ಬಂದು ಸರಿಮಾಡಿದರು. "ನಂಗೆ ಟ್ರಾನ್ಸ್‌ಫರ್ ಆದ್ರೆ ಇದನ್ನ ಯಾರು ನೋಡ್ಕೊಳ್ತಾರೆ ಅನ್ನೋದೇ ನಂಗೂ ಯೋಚ್ನೆ" ಎಂದು ಅವರೇ ಒಪ್ಪಿಕೊಂಡರು.

ಆಮೇಲೆ ಕಂಪನಿಯದು ಬಂತು, ಕಲಿಸಲು ಒಬ್ಬ ಹುಡುಗಿಯೂ ಬಂದಳು. ಲ್ಯಾಬು, ಔಷಧಿ ಕೊಠಡಿ ಎಲ್ಲ ಒಂದಕ್ಕೊಂದು ಹೊಂದಿಕೊಂಡಿದ್ದವು. ಕೆಟ್ಟರೆ ಫೋನ್ ಎತ್ತಲು ಯಾವಾಗಲೂ ಯಾರಾದರೂ ಇರುತ್ತಿದ್ದರು. ಬಸ್ಸು ಮಾತ್ರ ಅದಕ್ಕೆ ಗೊತ್ತಿಲ್ಲ. ಬಂದ ಸಾಲಿನಂತೆ ಟೋಕನ್, ಅಷ್ಟೆ.

ಮೊದಲ ದಿನವೇ ಅರಳಸುರಳಿ ಕಡೆಯ ಅಜ್ಜಿ ಬಂದರು. ತಿಂಗಳಿಗೊಮ್ಮೆ ಬಿಪಿ ಮಾತ್ರೆಗೆ ಬರುವವರು. ಮನೆ ಬಾಗಿಲಿಗೆ ಹೋಗುವುದು ಒಂದೂವರೆ ಗಂಟೆಯ ಬಸ್ಸೊಂದೇ. ಅದು ತಪ್ಪಿದರೆ ಆ ಮಂಡಿ ನೋವಿನಲ್ಲಿ ಗುಡ್ಡ ಹತ್ತಬೇಕು. ಅವತ್ತು ಅವರ ಟೋಕನ್ ಎಲ್ಲೋ ಬಾಲದಲ್ಲಿತ್ತು.

"ಎಂತಕ್ಕೆ ಮಾರಾಯ್ತಿ ಇವತ್ತು ಬಸ್ಸು ಕೇಳ್ಲಿಲ್ಲ? ಸಿಟ್ಟಾ ನನ್ ಮೇಲೆ?"

"ನಾನಲ್ಲ ಅಜ್ಜಿ, ಇನ್ಮೇಲೆ ಇದು ಕೇಳ್ಬೇಕು" ಎಂದು ಕಂಪ್ಯೂಟರು ತೋರಿಸಿದೆ.

ಅಜ್ಜಿ ಕಿಟಕಿಯೊಳಗೆ ತಲೆ ತೂರಿಸಿ, ಕಿವಿ ಕೇಳದವರಿಗೆ ಹೇಳುವಂತೆ ಪರದೆಗೆ ಕೂಗಿದರು: "ಒಂದೂವರೆ ಬಸ್ಸಪ್ಪಾ!"

ಸಾಲೆಲ್ಲ ನಕ್ಕಿತು. ನನಗೆ ಕಣ್ಣು ಗಡಿಯಾರದ ಮೇಲೆ. ಸಾಲು ಆಮೆಯಂತೆ ಸರಿಯುತ್ತಿತ್ತು.

"ನಡುವೆ ತೂರಿಸೋಕೆ ಬರಲ್ಲ ಮೇಡಂ" ಎಂದಳು ಹುಡುಗಿ. ಹೇಳುತ್ತಲೇ ಪರದೆಯನ್ನು ಕೆಳಗೆ ಕೆಳಗೆ ಸರಿಸಿದಳು. "ಒಂದು ಬಟನ್ ಇದೆ... ಆದ್ರೆ ಇದು ವಿಐಪಿಗಳಿಗೆ."

"ನಮ್ಮಲ್ಲಿಗೆ ಅವ್ರು ಬರೋದು ಯಾವಾಗ್ಲೋ ಒಮ್ಮೆ. ಒತ್ತು ಮಗಾ."

ಒತ್ತಿದಳು. ಅಜ್ಜಿಯ ಹೆಸರು ಹಾರಿ ಮೇಲೆ ಕೂತಿತು. ಡಾಕ್ಟರ ಬಾಗಿಲಲ್ಲಿದ್ದ ನರ್ಸು ತನ್ನ ಪರದೆ ನೋಡಿ ಗಾಬರಿಯಾಗಿ, "ವಿಐಪಿ ಯಾರು ಬಂದಿರೋದು?" ಎಂದು ಕೂಗಿದಳು. ಎಲ್ಲರೂ ಗೇಟಿನ ಕಡೆ ಕುತ್ತಿಗೆ ಚಾಚಿದರೆ, ಅಜ್ಜಿ ಚೀಲ ಕಂಕುಳಿಗೆ ಸೇರಿಸಿ ಎದ್ದರು. "ನಾನೇ ಇರ್ಬೇಕು ಕಣೆ."

ಒಂದೂವರೆ ಬಸ್ಸು ಆಸ್ಪತ್ರೆ ಮುಂದೆ ಹಾದುಹೋಗುವಾಗ ಕಿಟಕಿಯಿಂದ ಮಾತ್ರೆಯ ಕವರು ಹಿಡಿದ ಕೈಯೊಂದು ನಮ್ಮತ್ತ ಬೀಸಿತು.

ಡಾಕ್ಟರು ಕೇಳಿದಾಗ, ಕೆಟ್ಟರೆ ನೋಡುವವರಿದ್ದಾರೆ, ಬಸ್ಸಿನವರಿಗೆ ವಿಐಪಿ ಬಟನ್ ಒತ್ತಿದರಾಯಿತು, ಕಂಪನಿಯದೇ ಇರಲಿ ಎಂದೆ. ಮೇಷ್ಟ್ರಿಗೆ ಬೇಜಾರಾಗಲಿಲ್ಲ, "ಸದ್ಯ, ಇನ್ನು ಮದ್ವೆ ಊಟ ಆರಾಮಾಗಿ ಮಾಡ್ಬಹುದು" ಎಂದರು. ಆ ಬಟನ್ನಿನ 'ವಿಐಪಿ' ಹೆಸರನ್ನು ನಮ್ಮೊಬ್ಬರಿಗಾಗಿ ಬದಲಿಸಲು ಆಗುವುದಿಲ್ಲವೆಂದಿತು ಕಂಪನಿ. ಇರಲಿ ಬಿಡಿ.

ಮುಂದಿನ ತಿಂಗಳು ಅಜ್ಜಿ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: "ಒಂದೂವರೆ, ವಿಐಪಿ. ಇವತ್ತು ನನ್ ಸೊಸೆಯೂ ಬಂದಿದಾಳೆ, ಅವಳಿಗೂ ಒಂದು ಒತ್ತು."