ಫ್ರಾನ್ಸಿನ ಮುದುಕರು ಕಲಿತುಹೋದ ಹಾಡು

ದೇವರ ದೀಪವನ್ನು ಹುಣಸೆಹುಳಿ ಹಾಕಿ ತಿಕ್ಕಿದ ಮೇಲೆ ಅಂಗೈಗೆ ಹಿತ್ತಾಳೆಯ ವಾಸನೆ ಹತ್ತಿಕೊಳ್ಳುತ್ತದಲ್ಲ, ಸೋಪು ಹಚ್ಚಿ ತೊಳೆದರೂ ಬಿಡದ ವಾಸನೆ, ಅದು ಮೂಗಿಗೆ ಬಡಿದರೆ ನಿಮಗೆ ದೇವರ ಕೋಣೆ ನೆನಪಾದೀತು. ನನಗೆ ನೆನಪಾಗುವುದು ದುಬೈಯ ಕರಾಮದಲ್ಲಿದ್ದ ನಮ್ಮ ಪುಟ್ಟ ಫ್ಲಾಟು, ಸೋಫಾದ ಮೇಲೆ ಮಲಗಿಸಿದ ಟ್ರೊಂಬೋನು ಎಂಬ ಹಿತ್ತಾಳೆಯ ಊದುವಾದ್ಯ, ಕೆಳಗೆ ಚಾಪೆಯ ಮೇಲೆ ಅಂಗಿಯ ತೋಳು ಮಡಚಿಕೊಂಡು ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತ ಕೂತ ಫ್ರಾನ್ಸಿನ ಐವರು ಮುದುಕರು. ಯಾರೂ ನೋಡದಾಗ ಆ ಟ್ರೊಂಬೋನನ್ನು ಮುಟ್ಟಿ ಕೈ ಮೂಸಿ ನೋಡಿದ್ದೆ. ಅವರ ಮೇಲೆ ಆಗ ನನಗಿದ್ದ ಹೊಟ್ಟೆಕಿಚ್ಚು ಇಂದಿಗೂ ಒಂದು ಚೂರೂ ಆರಿಲ್ಲ. ಕಾಲ ಎಲ್ಲವನ್ನೂ ಮಾಯಿಸುತ್ತದೆ ಎನ್ನುವವರು ಹೊಟ್ಟೆಕಿಚ್ಚನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಅಪ್ಪ ಬರ್ ದುಬೈ ಎಂಬಲ್ಲಿನ ದೊಡ್ಡದೊಂದು ಹೋಟೆಲಿನ ಸ್ಟೋರಿನಲ್ಲಿದ್ದರು. ಸೆಕೆ ಇಳಿದು ಟೂರಿಸ್ಟುಗಳು ಬರುವ ಕಾಲಕ್ಕೆ ಆ ಹೋಟೆಲಿನವರು ಫ್ರಾನ್ಸಿನಿಂದ ಒಂದು ಜಾಝ್ ಬ್ಯಾಂಡನ್ನು ಕರೆಸಿದರು. ಹೊಸ ನಮೂನೆಯದಲ್ಲ, ಅಜ್ಜಂದಿರ ಕಾಲದ ಜಾಝ್. ಕ್ಲಾರಿನೆಟ್, ಟ್ರಂಪೆಟ್, ಟ್ರೊಂಬೋನು, ಬ್ಯಾಂಜೊ, ಮತ್ತೆ ಒಂದು ಮಗುವನ್ನು ಒಳಗೆ ಕೂರಿಸಬಹುದಾದಷ್ಟು ದೊಡ್ಡ ಟ್ಯೂಬಾ. ಕ್ಲಾರಿನೆಟ್ ಊದುವ ಮಾರ್ಸೆಲ್ ಎಂಬಾತ ಅವರಿಗೆ ಯಜಮಾನ. ಒಂದು ದಿನ ಸ್ಟಾಫ್ ಕ್ಯಾಂಟೀನಿನಲ್ಲಿ ಅಪ್ಪನ ಬುತ್ತಿಯಿಂದ ಅಮ್ಮ ಹುರಿದ ಮೀನಿನ ತುಂಡೊಂದು ಅವನ ಬಾಯಿಗೆ ಹೋಯಿತು. ಅಪ್ಪ ಬಾಯುಪಚಾರಕ್ಕೆ ಶುಕ್ರವಾರ ಮನೆಗೆ ಬನ್ನಿ ಎಂದರು. ಮಾರ್ಸೆಲ್ ಅದನ್ನು ನಿಜವೆಂದು ನಂಬಿ ಉಳಿದ ನಾಲ್ವರನ್ನೂ ಕರೆತಂದ. ಟ್ಯೂಬಾ ಮತ್ತು ಅದನ್ನು ಊದುವವನು ಒಟ್ಟಿಗೆ ಲಿಫ್ಟಿನಲ್ಲಿ ಹಿಡಿಯದೆ, ಟ್ಯೂಬಾ ಲಿಫ್ಟಿನಲ್ಲೂ ಅವನು ಏದುಸಿರು ಬಿಡುತ್ತ ಮೆಟ್ಟಿಲಲ್ಲೂ ಬಂದರು. ಅಲ್ಲಿಂದ ಚಳಿಗಾಲ ಮುಗಿಯುವವರೆಗೆ ನಮ್ಮ ಶುಕ್ರವಾರಗಳೆಲ್ಲ ಅವರ ಪಾಲಾದವು.

ಶುಕ್ರವಾರ ಅಂದರೆ ಅದು ನನ್ನ ದಿನ ಎಂಬುದನ್ನು ನೀವು ತಿಳಿದುಕೊಳ್ಳಬೇಕು. ಶಾಲೆಗೆ ರಜೆ. ಅಮ್ಮ ನನ್ನ ತಲೆಗೆ ಎಣ್ಣೆ ಹಾಕಿ, ಮೀಯಿಸಿ, ಕಿಟಕಿಯ ಬಿಸಿಲಿಗೆ ಬೆನ್ನು ಮಾಡಿ ಕೂರಿಸಿಕೊಂಡು ಸಿಕ್ಕು ಬಿಡಿಸುತ್ತಿದ್ದಳು. ಆಗ ಒಂದು ಹಾಡು ಹೇಳುತ್ತಿದ್ದಳು. ಕುಂದಾಪುರದ ಕಡೆಯ ಅವಳ ಅಮ್ಮ ಅವಳ ತಲೆ ಬಾಚುವಾಗ ಹೇಳುತ್ತಿದ್ದುದಂತೆ. ಹೊಳೆಯಾಚೆ ನಿಂತ ಕೊಕ್ಕರೆಯನ್ನು ಊಟಕ್ಕೆ ಕರೆಯುವ ಹಾಡು. ಅದು ಬರುವುದೇ ಇಲ್ಲ, ಕರೆಯುವುದೂ ನಿಲ್ಲುವುದಿಲ್ಲ. ಸಿಕ್ಕು ಎಷ್ಟಿದೆಯೋ ಹಾಡು ಅಷ್ಟುದ್ದ. ಹಾಡು ಬೇಗ ಮುಗಿಯಬಾರದೆಂದು ನಾನು ಗುರುವಾರ ರಾತ್ರಿ ಜಡೆ ಬಿಚ್ಚಿ ದಿಂಬಿನ ಮೇಲೆ ಬೇಕೆಂದೇ ಹೊರಳಾಡುತ್ತಿದ್ದೆ. ಮಿಕ್ಕ ಹೊತ್ತು ಅಮ್ಮ ಗುನುಗಿದ್ದನ್ನೂ ಯಾರೂ ಕೇಳಿರಲಿಲ್ಲ. ಬ್ಯಾಂಡಿನವರು ಬರತೊಡಗಿದ ಮೇಲೆ ಬೆಳಗಿನಿಂದಲೇ ಅಡುಗೆಯ ಗಡಿಬಿಡಿ, ನನ್ನ ತಲೆಗೆ ಅವಸರದ ಎರಡು ಜಡೆ, ಹಾಡಿಲ್ಲ.

ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವರಿಗೂ ಅಷ್ಟೆ. ಇಂಗ್ಲಿಷ್ ಮೀಡಿಯಮ್ಮಿನ ನಾನು ಮಾತು ದಾಟಿಸಲು ಬೇಕಾದೇನು ಎಂದು ಬಾಗಿಲ ಹತ್ತಿರವೇ ಕಾದು ನಿಂತರೆ ನನ್ನನ್ನು ಕೇಳುವವರೇ ಇಲ್ಲ. ಅಮ್ಮ ಕುಂದಾಪ್ರ ಕನ್ನಡದಲ್ಲಿ "ಹ್ವಾಯ್, ಮುಳ್ಳ್ ಕಾಣಿ, ಗಂಟ್ಲಿಗ್ ಸಿಕ್ಕತ್ತ್" ಎನ್ನುವಳು, ಅವರು ಫ್ರೆಂಚಿನಲ್ಲಿ ಏನೋ ಹೇಳಿ ನಗುವರು, ಅಮ್ಮನೂ ನಗುವಳು. ನೀರುದೋಸೆ ಮುರಿದು ಸಾರಿಗೆ ಅದ್ದುವುದನ್ನು ಮಾರ್ಸೆಲ್‌ಗೆ ತನ್ನ ಬೆರಳಿನಿಂದಲೇ ತೋರಿಸಿಕೊಟ್ಟಳು, ಚಿಕ್ಕಂದಿನಲ್ಲಿ ನನಗೆ ತೋರಿಸಿದ ಹಾಗೆಯೇ. ಬಂಗುಡೆಯ ಹೊಟ್ಟೆಯ ಭಾಗ ನನ್ನದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದೂ ಅವನ ತಟ್ಟೆಗೆ ಬಿತ್ತು. ನಾನು ಮುಖ ಊದಿಸಿಕೊಂಡದ್ದು ಕಂಡು ಅಮ್ಮ "ಹಂಚಿ ಉಂಡ್ರ್ ಹಸು ಇಲ್ಲ ಹೆಣೆ" ಎಂದಳು. ಹಸಿವಿನ ವಿಷಯ ಯಾರು ಎತ್ತಿದ್ದರು?

ಊಟವಾದ ಮೇಲೆ ಕಿಟಕಿ ಮುಚ್ಚಿ ಮೆಲ್ಲಗೆ ನುಡಿಸುತ್ತಿದ್ದರು. ಅವರಲ್ಲೊಂದು ಪದ್ಧತಿ ಇತ್ತು. ಮೊದಲು ಎಲ್ಲರೂ ಸೇರಿ ಹಾಡು ಎತ್ತಿಕೊಳ್ಳುವರು, ಆಮೇಲೆ ಒಬ್ಬೊಬ್ಬರಿಗೂ ಒಂದು ಸರದಿ. ಸರದಿ ಬಂದವನು ತನ್ನ ಮನಸ್ಸಿಗೆ ಬಂದಂತೆ ನುಡಿಸುವಾಗ ಉಳಿದವರು ತಾಳ ಮಾತ್ರ ಹಿಡಿದು ಕಾಯುವರು. ಮುಗಿದಾಗ ಮಾರ್ಸೆಲ್ ಮುಂದಿನವನ ಕಡೆ ನೋಡಿ ತಲೆ ಆಡಿಸುವನು. ಕೋಣೆಯಲ್ಲಿ ಕೂತವರಿಗೂ ಸರದಿ ತಪ್ಪದು. ಒಂದು ಶುಕ್ರವಾರ ಅವನು ಅಪ್ಪನತ್ತ ತಲೆ ಆಡಿಸಿದ; ಅಪ್ಪ ನಾಚುತ್ತ ಸ್ಟೀಲ್ ತಟ್ಟೆ ಬಡಿದರು. ಆಮೇಲೆ ಅಮ್ಮನತ್ತ ತಿರುಗಿದ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ತಲೆ ಅಲ್ಲಾಡಿಸಿದಳು, ಒಂದು ಭಜನೆ ಹೇಳಿ ಮುಗಿಸುತ್ತಾಳೆ ಎಂದುಕೊಂಡೆ ನಾನು. ಅಮ್ಮ ಕಣ್ಣು ಮುಚ್ಚಿ ಕೊಕ್ಕರೆಯನ್ನು ಕರೆದಳು.

ನನ್ನ ಮೈಯೆಲ್ಲ ಉರಿಯಿತು. ಮಾರ್ಸೆಲ್ ತಲೆ ತಗ್ಗಿಸಿ ಕೇಳಿ, ಅದನ್ನೇ ಕ್ಲಾರಿನೆಟ್ಟಿನಲ್ಲಿ ಎತ್ತಿಕೊಂಡು, ಕರೆಯುವ ಕಡೆಯಲ್ಲಿ ಸ್ವರವನ್ನು ಜಾರಿಸಿ ಎಳೆದ. ನಾನು ಎದ್ದು "ದಟ್ಸ್ ಮೈನ್!" ಎಂದು ಕಿರುಚಿದೆ. "ಹಾಡಿನ್ ಮೇಲ್ ನಿನ್ ಹೆಸ್ರ್ ಬರ್ದಿತ್ತಾ? ಸುಮ್ನೆ ಕೂಕೋ" ಎಂದಳು ಅಮ್ಮ, ಅವರ ಮುಂದೆಯೇ. ಮಾರ್ಸೆಲ್‌ಗೆ ಏನು ಅರ್ಥವಾಯಿತೋ, ಊದುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿ ತಲೆ ಆಡಿಸಿದ. ನಾನು ತುಟಿ ಬಿಗಿದು ಗೋಡೆ ನೋಡಿದೆ. ಅವರು ಬೇರೆ ಯಾರಿಗೂ ಆ ಸರದಿ ಕೊಡಲಿಲ್ಲ. ಬ್ಯಾಂಜೊ, ಟ್ಯೂಬಾ ತಾಳ ಹಿಡಿದು ನಡೆದವು, ನಾನು ಹಾಡಬೇಕಿದ್ದ ಅಷ್ಟೂ ಹೊತ್ತು ಖಾಲಿ ಹೋಯಿತು, ಆಮೇಲೆ ಟ್ರಂಪೆಟ್ಟಿನವನು ಶುರು ಮಾಡಿದ. ನಾನು ಹಾಡದೆ ಕೂತದ್ದು ಸರಿಯೆಂದೇ ಈಗಲೂ ನನ್ನ ವಾದ.

ಅವರ ಕೊನೆಯ ವಾರ ಅಪ್ಪ ಮ್ಯಾನೇಜರನ್ನು ಕೇಳಿ ನಮ್ಮನ್ನು ಹೋಟೆಲಿಗೆ ಕರೆದುಕೊಂಡು ಹೋದರು. ಲಾಬಿಯ ಕಂಬದ ಪಕ್ಕ ನಿಂತು ನೋಡಿದೆವು. ಮಾರ್ಸೆಲ್ ಅಮ್ಮನ ಕಡೆ ಬಾಗಿ ನಮಸ್ಕರಿಸಿ ಆ ಹಾಡನ್ನು ನುಡಿಸಿದ. ಕಾಫಿ ಕುಡಿಯುತ್ತಿದ್ದ ಅಪರಿಚಿತರೆಲ್ಲ ಚಪ್ಪಾಳೆ ತಟ್ಟಿದರು. ಅಮ್ಮ ಅತ್ತಳು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಮದುವೆಯಾದ ವರ್ಷಗಳನ್ನು ಬೆರಳಲ್ಲಿ ಎಣಿಸಿ, "ಮದಿ ಆಯಿ ಇಷ್ಟ್ ವರ್ಷ ಆಯ್ತ್. ನನ್ ಎದ್ರ್ ಒಂದ್ ದಿನ ಹಾಡಿದ್ಯಾ?" ಎಂದರು. "ನೀವ್ ಯಾವತ್ತಾರೂ ಹಾಡ್ ಅಂದ್ರ್ಯಾ?" ಎಂದಳು ಅಮ್ಮ. ಹೊಟ್ಟೆಕಿಚ್ಚಿನಲ್ಲಿ ನನಗೊಬ್ಬ ಜೊತೆಗಾರ ಇದ್ದಾನೆಂದು ಗೊತ್ತಾದದ್ದು ಅವತ್ತೇ. ಅಪ್ಪನ ಪಕ್ಕ ಇನ್ನಷ್ಟು ಒತ್ತಿ ಕೂತೆ.

ಮರುವರ್ಷ ಹೋಟೆಲಿನವರು ಡೀಜೆಯನ್ನು ಇಟ್ಟರು, ಬ್ಯಾಂಡಿನವರು ಬರಲಿಲ್ಲ. ನನ್ನ ಶುಕ್ರವಾರಗಳು ನನಗೆ ವಾಪಸು ಬಂದವು, ಕಿಟಕಿಯ ಬಿಸಿಲೂ ಬಂತು. ಆದರೆ ಅಮ್ಮ ಕೊಕ್ಕರೆಯನ್ನು ಕರೆಯುವ ಜಾಗದಲ್ಲಿ ಮಾರ್ಸೆಲ್‌ನ ಹಾಗೆಯೇ ಜಾರಿಸಿ ಎಳೆಯುತ್ತಿದ್ದಳು. ಮುಂಚಿನ ಹಾಗೆ ಹೇಳು ಎಂದರೆ, ಬಾಚಣಿಗೆ ನಿಲ್ಲಿಸಿ ಯೋಚಿಸಿ, "ಮುಂಚೆ ಹ್ಯಾಂಗಿತ್ತ್?" ಎಂದು ನನ್ನನ್ನೇ ಕೇಳಿದಳು. ಮುಂದೆ ಅಪ್ಪನ ಕೆಲಸ ಮುಗಿಯಿತು, ವೀಸಾ ಮುಗಿಯಿತು, ಫ್ಲಾಟಿನ ಸೋಫಾ ಮಂಚಗಳನ್ನು ಸಿಕ್ಕವರಿಗೆ ಕೊಟ್ಟು ಊರಿಗೆ ಬಂದೆವು.

ಈಗ ಅಮ್ಮ ಇಲ್ಲ. ಅವಳು ಹೋದ ಸುದ್ದಿಯನ್ನು ಹೇಳಬೇಕಾದವರಿಗೆಲ್ಲ ಹೇಳಿದೆವು. ಆ ಐವರು ಎಲ್ಲಿದ್ದಾರೆಂದು ಅಪ್ಪನಿಗೂ ತಿಳಿಯದು. ಮಾರ್ಸೆಲ್ ಬದುಕಿದ್ದರೆ ಇವತ್ತು ಸಂಜೆಯೂ ಯಾವುದೋ ಊರಿನಲ್ಲಿ ಆ ಹಾಡನ್ನು ನುಡಿಸುತ್ತಿರಬಹುದು. ಅವನ ಪಾಲಿಗೆ ಅಮ್ಮ ಇನ್ನೂ ಕರಾಮದ ಅಡುಗೆಮನೆಯಲ್ಲಿ ಮೀನು ಮಗುಚುತ್ತ ನಿಂತಿದ್ದಾಳೆ; ಹೋದರೆ ಸಿಗುತ್ತಾಳೆ, ಬಾಗಿಲು ತೆರೆಯುತ್ತಾಳೆ, ಉಣ್ಣಿ ಎನ್ನುತ್ತಾಳೆ. ಮೀನು ತಿಂದದ್ದು ಹೋಗಲಿ, ಹಾಡು ಕಲಿತದ್ದೂ ಹೋಗಲಿ. ಅವರಿಗೆ ಇನ್ನೂ ನನ್ನ ಅಮ್ಮ ಇದ್ದಾಳಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ.