ದೊಡ್ಡವ್ವ ಕೇಳಿದ ಡ್ರ್ಯಾಗನ್

ಹುಮನಾಬಾದಿನ ನಮ್ಮ ಶಾಲೆಗೆ ಯಾರೋ ಒಂದು ಪೆಟ್ಟಿಗೆ ಪುಸ್ತಕ ಕೊಟ್ಟಿದ್ದರು. ಅದನ್ನು ಬಿಚ್ಚಿ ಜೋಡಿಸುವ ಕೆಲಸ ಇಂಗ್ಲಿಷ್ ಟೀಚರಾದ ನನಗೆ ಬಂತು. ಅದರಲ್ಲಿ ಮಕ್ಕಳ ಡ್ರ್ಯಾಗನ್ ಕಥೆಯೊಂದಿತ್ತು. ಎರಡು ಪುಟ ನೋಡಿ ಇಡೋಣವೆಂದು ನಿಂತವಳಿಗೆ ಗಂಟೆ ಹೊಡೆದದ್ದೂ ಕೇಳಲಿಲ್ಲ. ನಲವತ್ತೆರಡು ತುಂಬಿದವಳಿಗೆ ಇದೇನು ಹುಚ್ಚು ಎಂದು ನಾಚಿಕೆಯಾಗಿ, ಬಸ್ಸಿನಲ್ಲಿ ಓದುವಾಗ ಅದಕ್ಕೆ ಪೇಪರಿನ ಹೊದಿಕೆ ಹಾಕಿಕೊಳ್ಳುತ್ತಿದ್ದೆ. ಡ್ರ್ಯಾಗನ್ ಬೆಂಕಿ ಉಗುಳುವುದರ ಮೇಲೆ ನನಗೆ ಅಷ್ಟು ಆಸೆಯಿರಲಿಲ್ಲ. ಗುಡ್ಡದ ಹೊಟ್ಟೆಯಲ್ಲಿ ನೂರಾರು ವರ್ಷ ಹಳೆಯ ಸಿಟ್ಟು ಇಟ್ಟುಕೊಂಡು ಮಲಗಿರುತ್ತದಲ್ಲ, ಎದ್ದರೆ ಮನುಷ್ಯರಂತೆ ಮಾತಾಡುತ್ತದಲ್ಲ, ಅದು ಹಿಡಿಸಿತ್ತು.

ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ, ದೊಡ್ಡವ್ವನ ಮನೆಗೆ ಹೋಗುತ್ತಿದ್ದೆ. ಅವಳು ನನ್ನವ್ವನ ಅಕ್ಕ. ಮೂವತ್ತು ವರ್ಷ ಜಂಪರ್ ಹೊಲಿದವಳು, ಕಣ್ಣು ಪೂರ್ತಿ ಹೋಗಿ ಐದು ವರ್ಷವಾಗಿತ್ತು. ಮಗ, ಸೊಸೆ ಬಜಾರಿನ ಹೊಲಿಗೆ ಅಂಗಡಿಯಿಂದ ಸಂಜೆಗೆ ಬರುತ್ತಿದ್ದರು. ಅಲ್ಲಿಯವರೆಗೆ ಹೊತ್ತು ಕಳೆಯಲೆಂದು ಆ ಪುಸ್ತಕವನ್ನು ನಮ್ಮ ಮಾತಿಗೆ ತಿರುಗಿಸುತ್ತ ಓದತೊಡಗಿದೆ. ಡ್ರ್ಯಾಗನ್ ಅಂದರೇನೆಂದು ಕೇಳಿದಳು. ರೆಕ್ಕೆ, ಕಾಲು ಎರಡೂ ಇರುವ, ಮನೆಯಷ್ಟು ದೊಡ್ಡ ಹಾವು ಅಂದೆ. ಹೂಂ ಎಂದು ಗೋಡೆಗೆ ಒರಗಿ ಕೂತಳು.

ಎರಡನೆಯ ಶನಿವಾರ ನಡುವೆ ಓದು ತಡೆದು, ಅದು ಕುಂಟುತ್ತದೆ ಎಂದಳು. ಅಂಥದ್ದೇನೂ ನಾನು ಓದಿರಲಿಲ್ಲ. ನಾಲ್ಕು ಪುಟ ದಾಟಿದ ಮೇಲೆ ಕಥೆಯ ಹುಡುಗಿ ಮಣ್ಣಿನಲ್ಲಿ ಡ್ರ್ಯಾಗನ್ನಿನ ಹೆಜ್ಜೆ ನೋಡುತ್ತಾಳೆ. ಮುಂದಿನ ಎಡಗಾಲನ್ನು ಎಳೆದ ಗೀರು ಕಾಣುತ್ತದೆ. ನಿನಗೆ ಹೇಗೆ ಗೊತ್ತಾಯಿತೆಂದು ಕೇಳಿದೆ.

"ನೀ ಓದಾಕತ್ತಿದ್ರ ಅದು ನಡೀತದಲ್ಲ," ಅಂದಳು ದೊಡ್ಡವ್ವ. "ಸಪ್ಪಳ ಕೇಳಿದ್ರ ಗೊತ್ತಾಗೂದಿಲ್ಲೇನು?"

ಮುದುಕಿಯ ಕಲ್ಪನೆ ಎಂದುಕೊಂಡೆ. ಆದರೂ ಪರೀಕ್ಷೆ ಮಾಡುವ ಚಪಲ ಬಿಡಲಿಲ್ಲ. ಮರು ಶನಿವಾರ, ಡ್ರ್ಯಾಗನ್ ಗಾಯಗೊಂಡು ಗವಿಗೆ ಸೇರುವ ಕಡೆ ಬಂದಾಗ, ಬಾಣ ಎದೆಗೆ ನಟ್ಟು ಅದು ಸತ್ತಿತೆಂದು ಸುಳ್ಳು ಓದಿದೆ. ಮಟಮಟ ಮಧ್ಯಾಹ್ನ, ಕರೆಂಟು ಹೋಗಿ ಫ್ಯಾನು ನಿಂತಿತ್ತು.

"ಸತ್ತಿಲ್ಲ. ಉಸಿರು ಕೇಳಾಕತ್ತದ," ಅಂದಳು.

ಆಗ ನನಗೂ ಕೇಳಿತು. ಕಾಳು ಇಡುವ ಒಳಕೋಣೆಯ ಕಡೆಯಿಂದ ಯಾರೋ ಉಸಿರು ಎಳೆದುಕೊಂಡರು. ನಾನು ನಾಲ್ಕು ಸಲ ಉಸಿರಾಡಿದರೂ ಆ ಒಂದು ಉಸಿರು ಎಳೆಯುವುದು ಮುಗಿದಿರಲಿಲ್ಲ. ಅದು ಹೊರಬಿಟ್ಟಾಗ ನನ್ನ ಪಾದಕ್ಕೆ ಬಿಸಿ ಗಾಳಿ ತಾಗಿತು. ದೊಡ್ಡವ್ವ ಮೆಲ್ಲಗೆ, ಖರೇ ಇದ್ದದ್ದನ್ನು ಓದು ಎಂದಳು. ಆ ಪುಟವನ್ನು ಇದ್ದಂತೆ ಓದಿ ಎದ್ದೆ. ಒಳಕೋಣೆಯಲ್ಲಿ ಜೋಳದ ಚೀಲ ಬಿಟ್ಟರೆ ಏನೂ ಇರಲಿಲ್ಲ. ಕಿಟಕಿಯಿಲ್ಲದ, ಬಿಸಿಲು ಕಾಣದ ಕೋಣೆ ಅದು. ಗೋಡೆಯ ಕಲ್ಲು ಮುಟ್ಟಿದೆ. ಜ್ವರ ಬಂದವರ ಮೈಯಂತೆ ಕಾದಿತ್ತು.

ಮುಂದಿನ ವಾರ ಪೇಪರ್ ತಿದ್ದುವ ನೆಪ ಹೇಳಿ ತಪ್ಪಿಸಿಕೊಂಡೆ. ಸೋಮವಾರ ಸೊಸೆಯ ಫೋನಿನಿಂದ ದೊಡ್ಡವ್ವನೇ ಮಾತಾಡಿದಳು. "ಅರ್ಧಕ್ಕ ಬಿಟ್ಟು ಹೋದಿ. ಒಂಬತ್ತು ದಿನ ಆತು, ಇಲ್ಲೇ ತಿರಗಾಕತ್ತದ. ಬಂದು ಮುಗಿಸು, ಪಾಪ, ಅದು ಹೋಗ್ಲಿ."

ಅವಳ ದನಿಯಲ್ಲಿ ಹೆದರಿಕೆಯಿರಲಿಲ್ಲ. ದಾರಿ ತಪ್ಪಿ ಬಂದ ದನದ ಬಗ್ಗೆ ಹೇಳುವ ಕನಿಕರವಿತ್ತು. ಮರುದಿನವೇ ಅರ್ಧ ದಿನ ರಜೆ ಹಾಕಿ ಹೋದೆ. ಬಸ್ಸಿಳಿದು ನಡೆಯುವಾಗ ನನಗೆ ಹೆದರಿಕೆಯಿತ್ತು, ಆದರೆ ಮುಂದೇನಾಗುತ್ತದೋ ಎಂಬ ಆಸೆಯೂ ಅಷ್ಟೇ ಇತ್ತು.

ಉಳಿದ ಅರವತ್ತು ಪುಟ ಒಂದೇ ಸಮನೆ ಓದಿದೆ. ಕೊನೆಗೆ ಡ್ರ್ಯಾಗನ್ ಗಾಯ ಮಾಯ್ದು ಉತ್ತರದ ಬೆಟ್ಟಗಳಾಚೆ ಹಾರುತ್ತದೆ. ಆ ಸಾಲು ಓದುತ್ತಿದ್ದಾಗ ದೊಡ್ಡವ್ವ ಮುಖವೆತ್ತಿ ಒಳಕೋಣೆಯ ಬಾಗಿಲಿನಿಂದ ನಮ್ಮ ತಲೆಯ ಮೇಲೆ, ಅಲ್ಲಿಂದ ಅಂಗಳದ ಕಡೆ ನಿಧಾನ ತಿರುಗಿಸಿದಳು. ತಂತಿಯ ಮೇಲೆ ಒಣಹಾಕಿದ ಸೀರೆ ಒಮ್ಮೆ ಪೂರ್ತಿ ಉಬ್ಬಿ ಇಳಿಯಿತು. ಬೇವಿನ ಗಿಡದ ಒಂದೆಲೆಯೂ ಅಲುಗಲಿಲ್ಲ.

"ಹೋತು," ಅಂದಳು. ಆಮೇಲೆ, ಇನ್ನೊಂದು ತರುತ್ತೀಯೇನು ಎಂದು ಕೇಳಿದಳು.

ತಂದು ಓದಿದೆ. ಈಗ ಐದು ಮುಗಿದಿವೆ, ಆರನೆಯದು ನಡೆದಿದೆ. ಈ ಪುಸ್ತಕಗಳನ್ನು ಮನೆಯಲ್ಲಿ ಒಬ್ಬಳೇ ಓದಿದರೆ ಏನೂ ಕೇಳುವುದಿಲ್ಲ. ಕಥೆ ಚೆನ್ನಾಗಿಯೇ ಇರುತ್ತದೆ, ಏನೋ ಸಪ್ಪೆ ಅನ್ನಿಸುತ್ತದೆ. ಈ ಸಲದ್ದು ದಪ್ಪ ಪುಸ್ತಕ, ಹರೆಯದವರಿಗಾಗಿ ಬರೆದದ್ದು. ಇದರ ಡ್ರ್ಯಾಗನ್ ಸಣ್ಣದು, ಒಂದು ಕಡೆ ಕೂರುವುದಿಲ್ಲ ಎಂದು ದೊಡ್ಡವ್ವ ಮೊದಲ ದಿನವೇ ನಗುತ್ತ ಹೇಳಿದ್ದಳು.

ಹೋದ ಶನಿವಾರ ಹೊರಡುವ ಹೊತ್ತಿಗೆ ಸೊಸೆ ಅಂಗಡಿಯಿಂದ ಬಂದಳು. ನಮ್ಮ ಓದಿನ ಬಗ್ಗೆ ಅವಳು ಯಾವತ್ತೂ ಕೇಳಿದವಳಲ್ಲ, ನಾವೂ ಹೇಳಿರಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನ ಹತ್ತಿರ ಬಂದು, ಒಳಕೋಣೆಯ ಕಡೆ ಒಮ್ಮೆ ಹೆದರಿ ನೋಡಿ, ಅತ್ತೆಗೆ ಕೇಳದಂತೆ ದನಿ ತಗ್ಗಿಸಿದಳು.

"ಅಕ್ಕಾ, ಇನ್ನ ಎಷ್ಟ ಪುಟ ಉಳದಾವ್ರಿ?"